ಉಣ್ಣುವುದು ಎಷ್ಟು ಹೊತ್ತಿಗೆ?

ವೇಣೂರಿನ ಬಸ್‌ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಜುಲೈಕಾಳ ಹತ್ತಿರ ಹೋಗಿ ಬೈಸಿಕೊಳ್ಳದೆ ವಾಪಸು ಬಂದವರು ಕಡಿಮೆ. ನಾನೂ ಬೈಸಿಕೊಂಡಿದ್ದೇನೆ. ಹದಿನೆಂಟು ವರ್ಷದಿಂದ ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಬೈಯುವುದೇ ಅಭ್ಯಾಸವಾಗಿ ಬೈಸಿಕೊಳ್ಳುವುದು ಮರೆತೇಹೋಗಿದ್ದ ಸಾಧನಾ ಟೀಚರ್ ಎಂಬ ನನ್ನನ್ನು, ಬಸ್ಸು ಕಾಯುವ ಹತ್ತು ಮಂದಿಯ ಎದುರು ನಿಲ್ಲಿಸಿ ಬೈದವಳು ಅವಳು. ಆ ದಿನ ಅವಳ ಮೇಲೆ ಬಂದ ಸಿಟ್ಟು ಈಗ ಅವಳ ಮೇಲಿಲ್ಲ. ಹಾಗಂತ ಸಿಟ್ಟು ಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ. ಇದನ್ನು ಬರೆಯುತ್ತಿರುವುದೂ ಅದೇ ಸಿಟ್ಟಿನಲ್ಲಿ.

ಅಂಗಡಿ ದೊಡ್ಡದೇನಲ್ಲ. ಒಂದು ಜೆರಾಕ್ಸ್ ಮೆಷಿನ್, ಒಂದು ಕಂಪ್ಯೂಟರ್, ಗಾಜು ಹಾಸಿದ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಗಂಡ ಫಯಾಝ್ ಶಾಲೆಯ ವ್ಯಾನು ಓಡಿಸುತ್ತಾನೆ. ಅಂಗಡಿ ಪೂರ್ತಿ ಜುಲೈಕಾಳದ್ದೇ. ಮೇಜಿನ ಗಾಜಿನಡಿಯಲ್ಲಿ ಬೇರೆಯವರಾದರೆ ದೇವರ ಪಟವನ್ನೋ ಮಕ್ಕಳ ಫೋಟೋವನ್ನೋ ಇಡುತ್ತಾರೆ. ಅವಳು ಒಂದು ಹಳೆಯ ಡಾಕ್ಟರ ಚೀಟಿ ಇಟ್ಟಿದ್ದಾಳೆ. ಮಾತ್ರೆಯ ಹೆಸರಿನ ಮುಂದೆ 1-0-1 ಎಂದು ಬರೆದದ್ದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಯಾರೋ ಮರೆತು ಬಿಟ್ಟುಹೋದ ಚೀಟಿ ಇರಬೇಕು ಅಂದುಕೊಂಡಿದ್ದೆ.

ಈಗ ಆಸ್ಪತ್ರೆಗಳೆಲ್ಲ ಮೊಬೈಲಿನೊಳಗೆ ಹೋಗಿ ಕೂತಿವೆ. ಟೋಕನ್ ಬೇಕಾದರೂ ಆ್ಯಪ್, ರಕ್ತದ ವರದಿ ಬೇಕಾದರೂ ಆ್ಯಪ್, ಡಾಕ್ಟರು ರಜೆಯೋ ಅಲ್ಲವೋ ತಿಳಿಯಲಿಕ್ಕೂ ಆ್ಯಪ್. ಅಳದಂಗಡಿಯಿಂದಲೂ ವಯಸ್ಸಾದವರು ಫೋನು ಹಿಡಿದುಕೊಂಡು ಬಸ್ಸು ಹತ್ತಿ ಜುಲೈಕಾಳ ಅಂಗಡಿಗೆ ಬರುತ್ತಾರೆ. ಅವಳು ಟೋಕನ್ ಮಾಡಿ ಕೊಡುತ್ತಾಳೆ, ಆದರೆ ಅಷ್ಟಕ್ಕೇ ಬಿಡುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ತಿನ್ನುವುದನ್ನೂ ತಿನ್ನದ್ದನ್ನೂ, ಚೀಲದಲ್ಲಿ ತರಿಸುತ್ತಾಳೆ. ಗಾಜಿನ ಮೇಲೆ ಹರಡಿ ಫೋಟೋ ತೆಗೆಯುತ್ತಾಳೆ. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, "ಎಂತ ಆಗ್ತದೆ, ಯಾವಾಗಿಂದ ಆಗ್ತದೆ, ಮನೆಯಲ್ಲಿ ಹೇಳುವ ಹಾಗೆಯೇ ಹೇಳಿ" ಎಂದು ಬಾಯಿಯ ಮುಂದೆ ಹಿಡಿಯುತ್ತಾಳೆ. ತುಳುವೋ ಬ್ಯಾರಿಯೋ ಕೊಂಕಣಿಯೋ, ಹೇಳಿದ್ದನ್ನು ಎರಡೆರಡು ಸಲ ಕೇಳಿ, ಡಾಕ್ಟರಿಗೆ ಹೇಳಲೇಬೇಕಾದ ಮೂರು ಮಾತನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಅವರವರ ಫೋನಿಗೇ ಹಾಕಿಕೊಡುತ್ತಾಳೆ. ಆಮೇಲೆ ಜೊತೆಗೆ ಬಂದ ಮಗನ ಕಡೆಗೋ ಸೊಸೆಯ ಕಡೆಗೋ ತಿರುಗಿ ತನ್ನ ಕಾನೂನು ಹೇಳುತ್ತಾಳೆ: "ಒಳಗೆ ಹೋದ ಮೇಲೆ ಇವರು ಮೂರು ಮಾತು ಮುಗಿಸುವವರೆಗೆ ನೀವು ಬಾಯಿ ಬಿಡ್ಲಿಕ್ಕಿಲ್ಲ."

ನಮ್ಮವರಿಗೆ ಇಂಥವಳೊಬ್ಬಳು ಬೇಕೇ ಬೇಕು. ಡಾಕ್ಟರ ಎದುರು ಕೂತರೆ ನಮ್ಮ ಊರಿನವರು ಬೀಗರ ಮನೆಗೆ ಹೋದವರ ಹಾಗೆ ಆಗಿಬಿಡುತ್ತಾರೆ. ಇಸ್ತ್ರಿ ಹಾಕಿದ ಅಂಗಿ, ಪೆಟ್ಟಿಗೆಯಿಂದ ತೆಗೆದ ಸೀರೆ, ಮುಖದಲ್ಲೊಂದು ನಗೆ. "ಹೇಗಿದ್ದೀರಿ?" ಎಂದರೆ "ಒಳ್ಳೆದುಂಟು". ವಾಪಸು ಬರುವಾಗ ಬಸ್ಸಿನಲ್ಲಿ ಶುರು: "ಅಯ್ಯೋ, ಕಾಲು ಉರಿಯುವುದು ಹೇಳ್ಲಿಕ್ಕೇ ಮರೆತೆ." ಮನೆಯಲ್ಲಿ ತುಳುವಿನಲ್ಲಿ ನರಳಿದ್ದು ಆಸ್ಪತ್ರೆಯ ಕನ್ನಡಕ್ಕೆ ಬರುವಾಗ ಅರ್ಧವಾಗುತ್ತದೆ. ಉಳಿದರ್ಧವನ್ನು ನಮ್ಮಂಥ ಓದಿದ ಮಕ್ಕಳು ಪಕ್ಕದಲ್ಲಿ ಕೂತು ನುಂಗಿಹಾಕುತ್ತೇವೆ.

ನನ್ನ ಅಪ್ಪ ಶಾಂತಿರಾಜ, ಎಪ್ಪತ್ತನಾಲ್ಕು ವರ್ಷ. ವೇಣೂರಿನಲ್ಲೇ ಜಿನಸಿನ ಅಂಗಡಿ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಕಳೆದ ವರ್ಷ ನಾನೇ ಅವರ ಫೋನಿಗೆ ಮಾತ್ರೆ ನೆನಪಿಸುವ ಆ್ಯಪ್ ಹಾಕಿಕೊಟ್ಟೆ. ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಅದು ಬಡಿದುಕೊಳ್ಳುತ್ತದೆ. 'ತೆಗೆದುಕೊಂಡೆ' ಎಂದು ಒತ್ತಿದರೆ ಹಸಿರು ಗುರುತು ಬಿದ್ದು ನನ್ನ ಫೋನಿಗೂ ಬರುತ್ತದೆ. ಮೂಡುಬಿದಿರೆಯಲ್ಲಿ ನಾನು ಊಟಕ್ಕೆ ಕೂತ ಹೊತ್ತಿಗೆ ಅಪ್ಪನ ಹಸಿರು ಗುರುತು ಬಂತೆಂದರೆ ನನಗೆ ಸಮಾಧಾನ. ಎಂಟು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ಆದರೂ ಅಪ್ಪ ಬೀಳತೊಡಗಿದರು. ಮೊದಲ ಸಲ ಅಂಗಡಿಯಲ್ಲಿ. ಅಕ್ಕಿಮೂಟೆಯ ಮೇಲೆ ಬಿದ್ದದ್ದರಿಂದ ತಲೆ ಉಳಿಯಿತು. ಎರಡನೆಯ ಸಲ ಬಸದಿಯ ಮೆಟ್ಟಿಲಲ್ಲಿ. ಮೂರನೆಯ ಸಲ ಬಚ್ಚಲಿನಲ್ಲಿ. ಪ್ರತಿ ಸಲವೂ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತು, ಬೆವರು, ಕೈನಡುಕ, ಕಣ್ಣು ಕತ್ತಲೆ. ಅಮ್ಮ ಓಡಿ ಬಂದು ಬೆಲ್ಲದ ನೀರು ಕುಡಿಸಿ ಎಬ್ಬಿಸುತ್ತಿದ್ದಳು. ಮಂಗಳೂರಿನ ಆಸ್ಪತ್ರೆಗೆ ಮುಟ್ಟುವಾಗ ಅಪ್ಪ ಸರಿಯಾಗಿಯೇ ಇರುತ್ತಿದ್ದರು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಎಲ್ಲ ಕಡೆ ಇದೇ ಕಥೆ. ಅಲ್ಲಿಯ ಡಾಕ್ಟರು ಹೃದಯ ನೋಡಿಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು, ಏನೂ ಸಿಗಲಿಲ್ಲ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ಇನ್ನೂರರ ಮೇಲೆ. "ಮಾತ್ರೆ ಸರಿಯಾಗಿ ತಗೊಳ್ತಾರಾ?" ಎಂದು ಕೇಳಿದರು. ಅಪ್ಪನನ್ನಲ್ಲ, ನನ್ನನ್ನು. ನಾನು ಹಸಿರು ಗುರುತುಗಳ ಸಾಲು ತೋರಿಸಿದೆ. "ವೆರಿ ಗುಡ್" ಎಂದು ಮಾತ್ರೆಯ ಪವರ್ ಹೆಚ್ಚಿಸಿದರು. ಅಪ್ಪ ಮತ್ತೆ ಬಿದ್ದರು. ಬರುವ ಮಂಗಳವಾರ ಬನ್ನಿ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚುವುದು ಶುರು ಮಾಡುವ ಎಂದರು.

ಅದಕ್ಕೆ ಮೊದಲಿನ ಭಾನುವಾರ ನಾನು ಜುಲೈಕಾಳ ಅಂಗಡಿಗೆ ಹೋದೆ. ನನಗೆ ಬೇಕಾದದ್ದು ಒಂದು ಟೋಕನ್, ಎಂಟು ತಿಂಗಳ ಹಸಿರು ಗುರುತಿನ ಒಂದು ಪ್ರಿಂಟು. ಮಂಗಳವಾರದಿಂದ ಅಪ್ಪನಿಗೆ ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಎಂದೂ ಹೇಳಿದೆ.

"ಅಪ್ಪ ಎಲ್ಲಿ?" ಎಂದಳು.

"ಅವರು ಯಾಕೆ? ನಾನು ಎಲ್ಲ ತಂದಿದ್ದೇನೆ. ಪ್ರಿಂಟ್ ತೆಗೆದು ಕೊಡಿ ಸಾಕು."

"ಸಕ್ಕರೆ ಕಾಯಿಲೆ ನಿಮಗಾ, ಅವರಿಗಾ?"

"ಜುಲೈಕಾ, ನನಗೆ ಮೂರೂವರೆಯ ಬಸ್ಸಿಗೆ ಹೋಗ್ಲಿಕ್ಕುಂಟು."

"ಹಾಗಾದ್ರೆ ಹೋಗಿ. ಮಂಗಳವಾರ ನೀವೇ ಹೋಗಿ ನೀವೇ ಇನ್ಸುಲಿನ್ ಚುಚ್ಚಿಸ್ಕೊಂಡು ಬನ್ನಿ."

ಬಸ್ಸು ಕಾಯುತ್ತಿದ್ದವರು ಕಿಸಕ್ಕನೆ ನಕ್ಕರು. ನನ್ನ ಮೈಯೆಲ್ಲ ಉರಿಯಿತು. ಎರಡು ಅಕ್ಷರ ಟೈಪ್ ಮಾಡಲಿಕ್ಕೆ ಕಲಿತವಳ ಪೊಗರು ನೋಡು ಅಂದುಕೊಂಡೆ. ಆದರೆ ಸುತ್ತಲಿನ ಮೂರು ಊರಿನಲ್ಲಿ ಭಾನುವಾರ ಆ ಹೊತ್ತಿಗೆ ಬಾಗಿಲು ತೆರೆದಿದ್ದ ಜೆರಾಕ್ಸ್ ಅಂಗಡಿ ಅದೊಂದೇ. ಹಲ್ಲು ಕಚ್ಚಿಕೊಂಡು ಮನೆಗೆ ಫೋನು ಮಾಡಿದೆ. ಅಪ್ಪ ಬಂದರು, ಮಾತ್ರೆಯ ಚೀಲ ಹಿಡಿದುಕೊಂಡು ಹಿಂದಿನಿಂದ ಅಮ್ಮ ಪ್ರಭಾವತಿಯೂ ಬಂದಳು.

ಜುಲೈಕಾ ಎದ್ದು ನಿಂತು ಅಪ್ಪನಿಗೆ ತನ್ನ ಕುರ್ಚಿ ಕೊಟ್ಟಳು. ನನ್ನ ಹತ್ತಿರ ಉರಿದು ಮಾತಾಡಿದವಳು ಇವಳೇ ಹೌದೋ ಅನಿಸುವಷ್ಟು ಮೆಲ್ಲಗೆ, ತುಳುವಿನಲ್ಲಿ ಕೇಳಿದಳು. "ಶಾಂತಿರಾಜಣ್ಣ, ಉಣ್ಣುವುದು ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಏಳೂವರೆಗೆ ತಿಂಡಿ. ಮಧ್ಯಾಹ್ನ ಹನ್ನೆರಡೂವರೆಗೆ ಊಟ."

"ರಾತ್ರಿ?"

"ರಾತ್ರಿ ಎಲ್ಲಿಯದು ಮಗಾ? ಹೊತ್ತು ಕಂತುವ ಮೊದಲೇ ಆಗ್ತದೆ. ಐದೂಮುಕ್ಕಾಲು, ಹೆಚ್ಚೆಂದರೆ ಆರು."

"ಆಮೇಲೆ?"

"ಆಮೇಲೆ ನೀರೂ ಇಲ್ಲ. ನನ್ನದು ನಿಯಮ ಉಂಟಲ್ಲ."

ಜುಲೈಕಾ ಅಪ್ಪನ ಫೋನು ಎತ್ತಿಕೊಂಡು ಆ್ಯಪ್ ತೆರೆದಳು. "ಮತ್ತೆ ಒಂಬತ್ತು ಗಂಟೆಯ ಮಾತ್ರೆ ಯಾವುದರಲ್ಲಿ ನುಂಗ್ತೀರಿ?"

ಅಪ್ಪ ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಕೊನೆಗೆ ಅಮ್ಮನೇ ಹೇಳಿದಳು. "ಅವರು ರಾತ್ರಿ ಎಲ್ಲಿ ನುಂಗ್ತಾರೆ? ಒಂಬತ್ತಕ್ಕೆ ಅದು ಬಡ್ಕೊಳ್ಳುವಾಗ ಗುರುತು ಒತ್ತಿ ಮಲಗ್ತಾರೆ. ಆ ಮಾತ್ರೆ ಬೆಳಿಗ್ಗೆ ಎದ್ದು, ಬೆಳಗ್ಗಿನದ್ದರ ಒಟ್ಟಿಗೆ ತಗೊಳ್ತಾರೆ. ಎರಡೂ ಒಟ್ಟಿಗೆ."

"ಅಮ್ಮಾ! ನನಗೆ ಯಾಕೆ ಹೇಳ್ಲಿಲ್ಲ?" ನಾನು ಕಿರುಚಿದೆ.

"ನನ್ನನ್ನು ಯಾರು ಕೇಳಿದ್ರು?" ಎಂದಳು ಅಮ್ಮ. "ನೀನು ಬಂದ್ರೆ ಫೋನು ನೋಡ್ತಿ. ಡಾಕ್ಟ್ರು ಕಂಪ್ಯೂಟರ್ ನೋಡ್ತಾರೆ. ನನ್ನನ್ನು ಹೊರಗೆ ಬೆಂಚಿನಲ್ಲಿ ಕೂರಿಸ್ತೀರಿ."

ಅಪ್ಪ ತಪ್ಪು ಮಾಡಿದ ಮಗುವಿನ ಹಾಗೆ ಕೂತಿದ್ದರು. "ಗುರುತು ಒತ್ತದಿದ್ರೆ ನಿನಗೆ ಬೇಜಾರಾಗ್ತದೆ ಅಂತ ಒತ್ತಿದೆ. ಸುಳ್ಳಲ್ಲ ಮಗಾ. ಬೆಳಿಗ್ಗೆ ತಗೊಳ್ತಿದ್ದೆನಲ್ಲ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ನಾವು ಹುಡುಕಿದ್ದು ಹಾಗೆ. ಹೃದಯದಲ್ಲಿ ಹುಡುಕಿದೆವು, ತಲೆಯಲ್ಲಿ ಹುಡುಕಿದೆವು. ಸಕ್ಕರೆ ಇಳಿಸುವ ಎರಡು ಮಾತ್ರೆ ಒಂದೇ ಸಲ ಹೊಟ್ಟೆಗೆ ಬಿದ್ದರೆ ಹತ್ತು ಹನ್ನೊಂದು ಗಂಟೆಗೆ ಮನುಷ್ಯ ಬೀಳದೆ ಇನ್ನೇನು ಮಾಡುತ್ತಾನೆ? ಸಂಜೆಯಿಂದ ಮಾತ್ರೆಯೇ ಇಲ್ಲದ ಮೇಲೆ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಏರದೆ ಇರುತ್ತದಾ? ಅದು ಏರಿತೆಂದು ಡಾಕ್ಟರು ಪವರ್ ಹೆಚ್ಚಿಸಿದರು, ಅದನ್ನೂ ಅಪ್ಪ ಎರಡೆರಡು ನುಂಗಿದರು.

"ಟೀಚರ್," ಎಂದಳು ಜುಲೈಕಾ. ಈಗ ದನಿ ಮೆಲ್ಲಗಿರಲಿಲ್ಲ. "ಆ್ಯಪ್ ಹಾಕುವಾಗ ರಾತ್ರಿ ಊಟ ಎಷ್ಟು ಗಂಟೆಗೆ ಅಂತ ಕೇಳ್ತದೆ. ಒಂಬತ್ತು ಅಂತ ಹಾಕಿದ್ದು ಯಾರು?"

"ನಾನು."

"ಅದು ಯಾರು ಉಣ್ಣುವ ಹೊತ್ತು?"

"ನನ್ನದು," ಎಂದೆ. ಹೊತ್ತು ಕಂತಿದ ಮೇಲೆ ಉಣ್ಣಬಾರದೆನ್ನುವ ನಮ್ಮ ಜೈನರ ಆ ನಿಯಮ ನಾನು ಬಿಟ್ಟು ಇಪ್ಪತ್ತು ವರ್ಷವಾಯಿತು. ಬಿಟ್ಟದ್ದು ಅಪರಾಧವಲ್ಲ. ಆದರೆ ಅಪ್ಪ ಬಿಟ್ಟಿಲ್ಲ ಎನ್ನುವುದನ್ನೂ ಮರೆತಿದ್ದೆ.

"ನಾನು ಬ್ಯಾರಿ, ಮುಸ್ಲಿಮರವಳು. ನನಗೆ ನೆನಪುಂಟು. ಸಣ್ಣವಳಿರುವಾಗ ಸಂಜೆ ಇವರ ಅಂಗಡಿಗೆ ಸಕ್ಕರೆಗೆ ಬಂದ್ರೆ, ಬೇಗ ಹೇಳು ಮಗಾ, ಉಣ್ಲಿಕ್ಕೆ ಹೋಗ್ಬೇಕು ಅಂತಿದ್ರು. ನೀವು ಅದೇ ಮನೆಯಲ್ಲಿ ಹುಟ್ಟಿದವರು. ಇನ್ನು ಇನ್ಸುಲಿನ್ ಬಂದ್ರೆ ಎಂತ ಆಗ್ತಿತ್ತು ಗೊತ್ತುಂಟಾ? ಸೂಜಿ ಚುಚ್ಚಿಕೊಂಡ್ರೆ ಉಂಡ ಹಾಗಲ್ಲ, ನಿಯಮ ಮುರಿಯುವುದಿಲ್ಲ. ಇವರು ಎಂಟೂವರೆಗೆ ಸರಿಯಾಗಿ ಚುಚ್ಚಿಕೊಳ್ತಿದ್ರು. ಆಮೇಲೆ ಉಣ್ತಿರ್ಲಿಲ್ಲ. ಒಂಬತ್ತಕ್ಕೆ ನಿಮಗೆ ಹಸಿರು ಗುರುತು ಬರ್ತಿತ್ತು. ಬೆಳಿಗ್ಗೆ ಇವರು ಏಳ್ತಿರ್ಲಿಲ್ಲ!"

ಬಸ್ಸು ಬಂತು, ಹೋಯಿತು, ಯಾರೂ ಹತ್ತಲಿಲ್ಲ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ನೀವು ಯಾರು ನನ್ನನ್ನು ಹೀಗೆ ಬೈಲಿಕ್ಕೆ?" ಎಂದು ಕೇಳಿಯೇಬಿಟ್ಟೆ.

ಜುಲೈಕಾ ಬೆರಳನ್ನು ಮೇಜಿನ ಗಾಜಿಗೆ ಒತ್ತಿದಳು, ಕೆಂಪು ಸುತ್ತು ಹಾಕಿದ ಚೀಟಿಯ ಮೇಲೆ. "ಇದು ನನ್ನ ಉಪ್ಪನದ್ದು, ನನ್ನ ಅಪ್ಪನದ್ದು. ಅಬ್ದುಲ್ ಶುಕೂರ್, ತೆಂಗಿನಕಾಯಿ ವ್ಯಾಪಾರ. ಇದೇ ಜಾತಿಯ ಮಾತ್ರೆ. ರಂಝಾನಿಗೆ ಹತ್ತು ದಿನ ಇರುವಾಗ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದದ್ದು ನಾನೇ. ನಾಲ್ಕು ನಿಮಿಷ ಸಿಕ್ಕಿತು. ಉಪವಾಸ ಹಿಡಿತೀರಾ ಅಂತ ಅವರು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ. ಚೀಟಿಯಲ್ಲಿ ಬೆಳಿಗ್ಗೆ ಒಂದು ಅಂತ ಉಂಟಲ್ಲ, ಉಪ್ಪ ಬೆಳಕು ಹರಿಯುವ ಮೊದಲು ಸಹರಿ ಉಂಡು ಒಂದು ನುಂಗ್ತಿದ್ರು. ಆಮೇಲೆ ಸಂಜೆಯವರೆಗೆ ಖಾಲಿ ಹೊಟ್ಟೆ. ಹತ್ತೊಂಬತ್ತನೆಯ ಉಪವಾಸದ ದಿನ ಮಧ್ಯಾಹ್ನ ಮೇಲೆ ಜಗಲಿಯಲ್ಲಿ ಮಲಗಿದ್ರು. ಮಕ್ಕಳು ಗಲಾಟೆ ಮಾಡ್ತಿದ್ರು. ಉಪವಾಸದವರು ಮಲಗಿದ್ದಾರೆ, ಎಬ್ಬಿಸ್ಬೇಡಿ ಅಂತ ಮಕ್ಕಳನ್ನು ಓಡಿಸಿದ್ದು ನಾನು. ಸಂಜೆ ಮಸೀದಿಯಲ್ಲಿ ಬಾಂಕ್ ಆದಾಗ ಖರ್ಜೂರ ಹಿಡ್ಕೊಂಡು ಎಬ್ಬಿಸ್ಲಿಕ್ಕೆ ಹೋದೆ. ಏಳ್ಲಿಲ್ಲ. ಆಸ್ಪತ್ರೆಯಲ್ಲಿ ಅದೇ ಡಾಕ್ಟ್ರು ಕೇಳಿದ್ರು, ಉಪವಾಸ ಅಂತ ನೀವು ಯಾರೂ ಹೇಳ್ಲಿಲ್ಲವಲ್ಲ ಅಂತ."

ಅವಳು ಕಣ್ಣು ಒರಸಿಕೊಂಡು, "ಈಗ ಹೇಳಿ, ಬೈಲಿಕ್ಕೆ ನಾನು ಯಾರು?" ಎಂದಳು.

ಆಮೇಲೆ ಅವಳು ಮಾಡಿದ್ದು ಮೂರು ಕೆಲಸ. ಅಲ್ಲಿಂದಲೇ ವೇಣೂರಿನ ಕ್ಲಿನಿಕ್ಕಿನ ಡಾಕ್ಟರಿಗೆ ಫೋನು ಮಾಡಿಸಿದಳು. ಅವರು ಎರಡು ಒಟ್ಟಿಗೆ ಇವತ್ತಿಗೇ ನಿಲ್ಲಿಸಿ, ಮಂಗಳವಾರದವರೆಗೆ ಬೆಳಿಗ್ಗೆ ಒಂದೇ ಸಾಕು ಎಂದರು. ಎರಡನೆಯದು, ಅಪ್ಪನ ಮಾತನ್ನು ರೆಕಾರ್ಡ್ ಮಾಡಿ ಮೂರು ಸಾಲು ಟೈಪ್ ಮಾಡಿ ಅವರ ಫೋನಿಗೆ ಹಾಕಿದಳು. ನಾಲ್ಕು ಸಲ ಗಟ್ಟಿಯಾಗಿ ಓದಿಸಿದಳು. ಮೂರನೆಯದು ನನಗೆ: "ಟೀಚರ್, ಒಳಗೆ ನೀವು ಬಾಯಿ ಬಿಟ್ರೆ ಇಲ್ಲಿಗೆ ಮತ್ತೆ ಬರ್ಬೇಡಿ. ಪ್ರಭಾವತಿಯಕ್ಕನನ್ನು ಹೊರಗೆ ಕೂರಿಸ್ಲಿಕ್ಕೂ ಇಲ್ಲ." ಹಸಿರು ಗುರುತಿನ ಪ್ರಿಂಟು ಕೊಡಲೇ ಇಲ್ಲ.

ಮಂಗಳವಾರ ಹತ್ತೂವರೆಯ ಟೋಕನ್ನಿಗೆ ನಮ್ಮನ್ನು ಒಳಗೆ ಕರೆದದ್ದು ಹನ್ನೆರಡೂಮುಕ್ಕಾಲಿಗೆ. ಅಪ್ಪ ಇಸ್ತ್ರಿ ಅಂಗಿಯಲ್ಲಿ, ಅಮ್ಮ ಒಳ್ಳೆಯ ಸೀರೆಯಲ್ಲಿ. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು. "ಹೇಗಿದ್ದೀರಿ?"

"ಒಳ್ಳೆದುಂಟು," ಎಂದರು ಅಪ್ಪ.

ನಾಲ್ಕು ಸಲ ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಡಾಕ್ಟರು ಆಗಲೇ ಟೈಪ್ ಮಾಡುತ್ತಿದ್ದರು. "ಇನ್ಸುಲಿನ್ ಬರೀತೇನೆ. ಚುಚ್ಚುವುದು ಸಿಸ್ಟರ್ ಕಲಿಸಿಕೊಡ್ತಾರೆ. ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು." ನನ್ನ ನಾಲಗೆಯ ತುದಿಗೆ ಬಂದಿತ್ತು, ಕಚ್ಚಿ ಹಿಡಿದೆ. ಕಲಿಸಿ ಕಲಿಸಿ ನನಗೆ ಬಂದ ರೋಗವೇ ಅದು, ಮಕ್ಕಳು ಉತ್ತರ ಹುಡುಕುವ ಮೊದಲು ನಾನೇ ಹೇಳಿಬಿಡುವುದು. ಅಮ್ಮ ನನ್ನ ತೊಡೆ ಒತ್ತಿ ಹಿಡಿದಿದ್ದಳು.

ಆಗ ಅಪ್ಪ ಜೇಬಿನಿಂದ ಫೋನು ತೆಗೆದರು. ಕನ್ನಡಕ ಹಾಕಿಕೊಂಡರು. ಬಸದಿಯಲ್ಲಿ ಸ್ತೋತ್ರ ಓದುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಓದತೊಡಗಿದರು.

"ನಾನು ಸೂರ್ಯಾಸ್ತದ ನಂತರ ಏನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ. ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಯದ್ದರ ಜೊತೆ ಸೇರಿಸಿ ತೆಗೆದುಕೊಂಡಿದ್ದೇನೆ, ಎಂಟು ತಿಂಗಳು. ನಾಲ್ಕು ಸಲ ಬಿದ್ದಿದ್ದೇನೆ, ನಾಲ್ಕು ಸಲವೂ ಬೆಲ್ಲದ ನೀರು ಕುಡಿದು ಎದ್ದಿದ್ದೇನೆ."

ಟೈಪ್ ಮಾಡುವ ಸದ್ದು ನಿಂತಿತು. ನಾವು ಆ ಡಾಕ್ಟರ ಹತ್ತಿರ ಹೋದದ್ದು ಅದು ಆರನೆಯ ಸಲ. ಅವರ ಕಣ್ಣು ಹೇಗಿದೆ ಎಂದು ನಾನು ನೋಡಿದ್ದು ಅದೇ ಮೊದಲು.

"ಇದನ್ನು ನೀವು ಯಾರೂ ಹೇಳ್ಲಿಲ್ಲವಲ್ಲ!"

ನನ್ನ ರಕ್ತ ಕುದಿಯಿತು. ಅದೇ ಮಾತು. ಜುಲೈಕಾಳಿಗೆ ಹೆಣದ ಎದುರು ಹೇಳಿದ ಅದೇ ಮಾತು. ಇವರೆಲ್ಲ ಇದನ್ನು ಯಾವ ಕಾಲೇಜಿನಲ್ಲಿ ಕಲಿಯುತ್ತಾರೆ?

"ನೀವು ಕೇಳ್ಲಿಲ್ಲ ಡಾಕ್ಟ್ರೇ," ಎಂದರು ಅಪ್ಪ. ಸಿಟ್ಟಿಲ್ಲದೆ ಹೇಳಿದರು. ಅಪ್ಪನಿಗೆ ಸಿಟ್ಟು ಬರುವುದಿಲ್ಲ, ಅವರ ಪಾಲಿನದ್ದೂ ನನಗೇ ಬಂದಿದೆ.

ಡಾಕ್ಟರು ಇನ್ಸುಲಿನ್ ಅಳಿಸಿದರು. ಪವರ್ ಇಳಿಸಿದರು. ಎರಡನೆಯ ಮಾತ್ರೆ ಸಂಜೆಯ ಊಟದ ಒಟ್ಟಿಗೇ, ಉಪವಾಸದ ದಿನ ಫೋನು ಮಾಡಿ ಕೇಳದೆ ಮಾತ್ರೆ ಬೇಡ ಎಂದರು. ಅಮ್ಮನಿಗೂ ಹೇಳಿದರು, ಅವಳ ಮುಖ ನೋಡಿ. ಮೆಷಿನ್ನಿನಿಂದ ಚೀಟಿ ಹೊರಗೆ ಬಂತು. ಅಪ್ಪ ಅದನ್ನು ನೋಡಿದರು. ಬಾಯಲ್ಲಿ ಇಷ್ಟೆಲ್ಲ ಹೇಳಿಯೂ ಕಂಪ್ಯೂಟರು ಹಾಕಿದ್ದು ಮಾತ್ರ ಅದೇ: 1-0-1, ರಾತ್ರಿ ಊಟದ ನಂತರ.

ಎಪ್ಪತ್ತನಾಲ್ಕು ವರ್ಷದಲ್ಲಿ ಯಾರಿಗೂ ಎದುರಾಡದ ನನ್ನ ಅಪ್ಪ ಆ ಚೀಟಿಯನ್ನು ವಾಪಸು ಮೇಜಿನ ಮೇಲಿಟ್ಟರು. "ಇದರಲ್ಲಿ ಗಂಟೆ ಬರೆದು ಕೊಡಿ ಡಾಕ್ಟ್ರೇ."

"ಅದರಲ್ಲಿ ಹಾಗೆ ಬರೆಯಲಿಕ್ಕೆ ಜಾಗ ಇಲ್ಲ..."

"ಪೆನ್ನು ಉಂಟಲ್ಲ," ಎಂದರು ಅಪ್ಪ.

ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ರಾತ್ರಿ ಎನ್ನುವುದನ್ನು ಹೊಡೆದುಹಾಕಿ ಬರೆದರು: 'ಸಂಜೆ 5.45, ಊಟದ ಜೊತೆ.'

ಸಂಜೆ ವೇಣೂರಿನಲ್ಲಿ ಬಸ್ಸು ಇಳಿದವರು ನೇರ ಜುಲೈಕಾಳ ಅಂಗಡಿಗೆ ಹೋದೆವು. ಅವಳು ಚೀಟಿಯನ್ನು ಬೆಳಕಿಗೆ ಹಿಡಿದು, "ಈ ಕಾಗೆ ಕಾಲಿನ ಅಕ್ಷರ ಯಾವ ಮೆಡಿಕಲ್‌ನವನಿಗೆ ಓದ್ಲಿಕ್ಕೆ ಆಗ್ತದೆ?" ಎಂದು ಮೊದಲು ಡಾಕ್ಟರಿಗೆ ಬೈದಳು. "ಯಾರು ಹೇಳಿದ್ದು? ಟೀಚರಾ?" ಎಂದು ಕೇಳಿದಳು.

"ಅವರೇ," ಎಂದೆ. "ನಾನು ಬಾಯಿ ಬಿಡ್ಲಿಲ್ಲ."

"ಅವರಿಗೆ ಹೇಳ್ಲಿಕ್ಕೆ ಎಷ್ಟು ಹೊತ್ತು ಹಿಡೀತು?"

"ಒಂದು ನಿಮಿಷವೂ ಇಲ್ಲ."

ಅವಳು ಚೀಟಿಯ ಎರಡು ಜೆರಾಕ್ಸ್ ತೆಗೆದಳು. ಒಂದನ್ನು ಮೂಲದ ಜೊತೆ ಅಮ್ಮನ ಕೈಗೆ ಕೊಟ್ಟಳು. ಮೇಜಿನ ಗಾಜನ್ನು ಒಂದು ಬದಿಯಿಂದ ಎತ್ತಿ, ಇನ್ನೊಂದನ್ನು ಅವಳ ಉಪ್ಪನ ಚೀಟಿಯ ಪಕ್ಕಕ್ಕೆ ಸರಿಸಿ ಇಟ್ಟಳು. ಗಾಜು ಇಳಿಸಿದ ಮೇಲೂ ಅವಳ ಅಂಗೈ ಅದರ ಮೇಲೆಯೇ ಇತ್ತು.

"ಒಂದು ನಿಮಿಷದ ಮಾತು," ಎಂದಳು. "ನಾನು ಹದಿಮೂರು ವರ್ಷದ ಹಿಂದೆ ಹೇಳ್ಬೇಕಿತ್ತು." ಆಮೇಲೆ ಗೋಡೆಯ ಗಡಿಯಾರ ನೋಡಿ ಅಪ್ಪನ ಮೇಲೆ ರೇಗಿದಳು. "ಐದೂವರೆ ಆಯ್ತು ಶಾಂತಿರಾಜಣ್ಣ, ಇಲ್ಲಿ ಎಂತ ನಿಂತದ್ದು? ಹೋಗಿ ಉಣ್ಣಿ."